ಮೊದಲು ಗಾಳಿ, ಆಮೇಲೆ ಬೆಳಕು

ಪಿಯುಸಿ ಮುಗಿಸಿ ಬಿ.ಕಾಂ., ಬಿ.ಸಿ.ಎ., ಸಿ.ಎ. ಫೌಂಡೇಶನ್ ಹೀಗೆ ಯಾವ ದಾರಿ ಹಿಡಿದರೂ ಮನೆಯಲ್ಲೊಂದು ಕಂಪ್ಯೂಟರ್ ಇದ್ದರೆ ಅನುಕೂಲ. ಅದಕ್ಕೇ ಈ ವರ್ಷ ನಮ್ಮ ಕ್ಲಾಸಿನ ಹಲವರ ಮನೆಗಳಲ್ಲಿ ಡೆಸ್ಕ್‌ಟಾಪ್ ಕೊಳ್ಳುವ ಮಾತು ನಡೆದಿದೆ. ಆದರೆ ಆ ಮಾತು ಪ್ರೊಸೆಸರ್‌ನಿಂದ ಶುರುವಾಗಿ ಬೇಗನೇ ಲೈಟಿಗೆ ಬಂದು ನಿಲ್ಲುತ್ತದೆ. ಗಾಜಿನ ಕ್ಯಾಬಿನೆಟ್, ಒಳಗೆ ಆರೇಳು ಫ್ಯಾನ್, ಎಲ್ಲವೂ ಬಣ್ಣ ಬದಲಿಸಬೇಕು, ಕೈಯಲ್ಲೊಂದು ರಿಮೋಟ್ ಇರಬೇಕು. ಈ ಕ್ರಮವೇ ತಲೆಕೆಳಗು ಎಂಬುದು ನನ್ನ ಅಭಿಪ್ರಾಯ. ಕಂಪ್ಯೂಟರಿಗೆ ಮೊದಲು ಬೇಕಾದದ್ದು ಗಾಳಿ. ಬೆಳಕಿನ ಲೆಕ್ಕ ಕೊನೆಗೆ ಬರಬೇಕು.

ನಮ್ಮೂರು ಕಲಬುರಗಿ. ಏಪ್ರಿಲ್, ಮೇ ತಿಂಗಳಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನ್ ಎಂಬುದು ಎ.ಸಿ. ಅಲ್ಲ. ಅದು ಕೋಣೆಯ ಗಾಳಿಯನ್ನೇ ಒಳಗೆ ತಂದು ಬಿಸಿಯನ್ನು ಹೊರಗೆ ತಳ್ಳುತ್ತದೆ, ಅಷ್ಟೇ. ಎಷ್ಟು ಫ್ಯಾನ್ ಹಾಕಿದರೂ ಪ್ರೊಸೆಸರ್ ಕೋಣೆಗಿಂತ ತಣ್ಣಗಾಗುವುದಿಲ್ಲ. ಕೋಣೆ 25 ಡಿಗ್ರಿ ಇದ್ದಾಗ 65 ಡಿಗ್ರಿಯಲ್ಲಿ ಓಡುವ ಪ್ರೊಸೆಸರ್, ಅದೇ ಕೆಲಸವನ್ನು 40 ಡಿಗ್ರಿ ಕೋಣೆಯಲ್ಲಿ ಮಾಡಿದರೆ ಸುಮಾರು 80ಕ್ಕೆ ಏರುತ್ತದೆ. ಬೆಂಗಳೂರಿನವರು ಮಾಡಿದ ವಿಡಿಯೋ ನೋಡಿ ನಾವು ಕ್ಯಾಬಿನೆಟ್ ಆರಿಸುವಾಗ ಈ 15 ಡಿಗ್ರಿಯನ್ನು ಮರೆಯಬಾರದು.

ಶಾಖ ಮಿತಿ ಮುಟ್ಟಿದರೆ ಪ್ರೊಸೆಸರ್ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ತಗ್ಗಿಸುತ್ತದೆ. ಇಂಟೆಲ್ ಕೋರ್ ಐ3-12100ಕ್ಕೆ ಆ ಮಿತಿ 100 ಡಿಗ್ರಿ, ಎಎಂಡಿ ರೈಜೆನ್ 5 5600ಜಿಗೆ 95 ಡಿಗ್ರಿ. ನಮ್ಮಂಥವರ ಓದಿಗೆ, ಟ್ಯಾಲಿಗೆ, ಎಕ್ಸೆಲ್‌ಗೆ ಇಂಥ ಪ್ರೊಸೆಸರ್ ಧಾರಾಳವಾಗಿ ಸಾಕು. ಇವುಗಳ ಸಾಮಾನ್ಯ ಬಳಕೆ 60ರಿಂದ 65 ವ್ಯಾಟ್, ಅಂದರೆ ಹಳೆಯ ಕಾಲದ ಒಂದು 60 ವ್ಯಾಟ್ ಬಲ್ಬಿನಷ್ಟು ಬಿಸಿ. ಪ್ರೊಸೆಸರ್ ಮೇಲೆ ಕೂರುವ ಕೂಲರ್ ಡಬ್ಬಿಯ ಜೊತೆಗೇ ಬರುತ್ತದೆ. ಒಂದು ಬಲ್ಬಿನ ಬಿಸಿಯನ್ನು ಹೊರಗೆ ಹಾಕಲು ಏಳು ಫ್ಯಾನ್ ಯಾಕೆ?

ಇದನ್ನು ತಿಳಿಯಲು ನಮ್ಮ ಊರಿನವರಿಗೆ ಸೈನ್ಸ್ ಕ್ಲಾಸ್ ಬೇಕಿಲ್ಲ. ಬೇಸಿಗೆಯಲ್ಲಿ ಮನೆಗೆ ಕೂಲರ್ ಹಚ್ಚುವವರೆಲ್ಲರಿಗೂ ಇದು ಗೊತ್ತು. ಎದುರಿನ ಕಿಟಕಿಯೋ ಬಾಗಿಲೋ ತೆರೆದಿದ್ದರೆ ಮಾತ್ರ ಕೂಲರ್ ಕೆಲಸ ಮಾಡುತ್ತದೆ. ಎಲ್ಲ ಮುಚ್ಚಿ ಕೂತರೆ ಸೆಕೆಯೇ ಹೆಚ್ಚು. ಕ್ಯಾಬಿನೆಟ್ ಕೂಡ ಒಂದು ಸಣ್ಣ ಕೋಣೆ. ಮುಂದಿನಿಂದ ಗಾಳಿ ಒಳಗೆ ಬರಬೇಕು, ಹಿಂದಿನಿಂದ ಅಥವಾ ಮೇಲಿನಿಂದ ಹೊರಗೆ ಹೋಗಬೇಕು. ಮುಂಭಾಗಕ್ಕೆ ಗಾಜು ಹಾಕಿ, ಅದರ ಹಿಂದೆ ಮೂರು ಬಣ್ಣದ ಫ್ಯಾನ್ ಇಟ್ಟರೆ ಆ ಫ್ಯಾನ್‌ಗಳಿಗೆ ಎಳೆದುಕೊಳ್ಳಲು ಗಾಳಿಯೇ ಸಾಲುವುದಿಲ್ಲ. ಮುಂಭಾಗ ಜಾಲರಿ ಇರುವ ಕ್ಯಾಬಿನೆಟ್ಟಿನಲ್ಲಿ ಎರಡು ಸಾದಾ ಫ್ಯಾನ್ ಅದಕ್ಕಿಂತ ಒಳ್ಳೆಯ ಕೆಲಸ ಮಾಡುತ್ತವೆ.

ಅರ್ಥಶಾಸ್ತ್ರದಲ್ಲಿ ನಾವು ಸೀಮಾಂತ ತುಷ್ಟಿಗುಣ ಇಳಿಯುವ ನಿಯಮ ಓದುತ್ತೇವೆ. ಹಸಿದವನಿಗೆ ಮೊದಲ ರೊಟ್ಟಿ ಕೊಡುವ ತೃಪ್ತಿಯನ್ನು ಆರನೆಯ ರೊಟ್ಟಿ ಕೊಡುವುದಿಲ್ಲ. ಫ್ಯಾನಿನ ಕಥೆಯೂ ಇದೇ. ಫ್ಯಾನೇ ಇಲ್ಲದ ಕ್ಯಾಬಿನೆಟ್ಟಿಗೆ ಹಿಂದೆ ಒಂದು ಹಾಕಿದರೆ ದೊಡ್ಡ ವ್ಯತ್ಯಾಸ. ಮುಂದೆ ಇನ್ನೊಂದು ಹಾಕಿದರೆ ಮತ್ತಷ್ಟು. ಗ್ರಾಫಿಕ್ಸ್ ಕಾರ್ಡ್ ಇದ್ದರೆ ಮೂರನೆಯದೂ ಇರಲಿ. ಅದರಾಚೆಗೆ ಸೇರಿಸುವ ಪ್ರತಿ ಫ್ಯಾನೂ ಕೊಡುವುದು ಕಡಿಮೆ, ಕೇಳುವುದು ಅಷ್ಟೇ ಬೆಲೆ.

ಕೊಳ್ಳುವಾಗ ಏನು ನೋಡಬೇಕು? ಮೊದಲನೆಯದು ಅಳತೆ. 120 ಅಥವಾ 140 ಮಿ.ಮೀ. ಫ್ಯಾನ್ ಆರಿಸಿ. ದೊಡ್ಡ ಫ್ಯಾನ್ ನಿಧಾನವಾಗಿ ತಿರುಗಿಯೂ ಸಣ್ಣ ಫ್ಯಾನಿನಷ್ಟು ಗಾಳಿ ಕೊಡುತ್ತದೆ, ಸದ್ದು ಕಡಿಮೆ. ಎರಡನೆಯದು ಪಿನ್. ನಾಲ್ಕು ಪಿನ್ನಿನ ಪಿಡಬ್ಲ್ಯುಎಂ ಫ್ಯಾನ್ ಆದರೆ ಮದರ್‌ಬೋರ್ಡ್ ಬಿಸಿ ನೋಡಿ ಅದರ ವೇಗವನ್ನು ಏರಿಳಿಸುತ್ತದೆ. ಮೂರು ಪಿನ್ನಿನದನ್ನೂ ಹೆಚ್ಚಿನ ಮದರ್‌ಬೋರ್ಡ್‌ಗಳು ವೋಲ್ಟೇಜ್ ಬದಲಿಸಿ ನಿಭಾಯಿಸುತ್ತವೆ. ಅಗ್ಗದ ಬಣ್ಣದ ಫ್ಯಾನ್‌ಗಳಲ್ಲಿ ಎಷ್ಟೋ ಮೋಲೆಕ್ಸ್ ಎಂಬ ದೊಡ್ಡ ಪ್ಲಗ್‌ನಿಂದ ನೇರ ಪವರ್ ಸಪ್ಲೈಗೆ ಸೇರುತ್ತವೆ. ಆಗ ಬಿಸಿ ಇರಲಿ, ಇಲ್ಲದಿರಲಿ, ಪೂರ್ತಿ ವೇಗದಲ್ಲೇ ಓಡುತ್ತವೆ. ವೇಗ ಅರ್ಧಕ್ಕೆ ಇಳಿದರೆ ಗಾಳಿಯೂ ಅರ್ಧವಾಗುತ್ತದೆ, ಆದರೆ ಫ್ಯಾನ್ ತಿರುಗಿಸಲು ಬೇಕಾದ ಶಕ್ತಿ ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ವೇಗ ನಿಯಂತ್ರಣಕ್ಕೆ ಇಷ್ಟು ಬೆಲೆ ಇದೆ. ಮೂರನೆಯದು ಧೂಳು. ಮುಂಭಾಗದಲ್ಲಿ ತೆಗೆದು ತೊಳೆಯಬಹುದಾದ ಫಿಲ್ಟರ್ ಇರಲಿ, ಒಳಗೆ ಎಳೆಯುವ ಗಾಳಿ ಹೊರಗೆ ಹೋಗುವುದಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ. ಆಗ ಧೂಳು ಸಂದುಗೊಂದಿನಿಂದ ನುಗ್ಗುವುದು ಕಡಿಮೆ. ಇನ್ನೊಂದು ಮಾತು: ಫ್ಯಾನಿನ ಚೌಕಟ್ಟಿನಲ್ಲಿ ಅಡ್ಡಪಟ್ಟಿಗಳಿರುವ ಕಡೆಯಿಂದ ಗಾಳಿ ಹೊರಗೆ ಬರುತ್ತದೆ. ಉಲ್ಟಾ ಕೂರಿಸಿದರೆ ಎರಡು ಫ್ಯಾನ್ ಒಂದಕ್ಕೊಂದು ಜಗಳವಾಡುತ್ತವೆ.

ಇನ್ನು ಬೆಳಕು. ಕೆಂಪು, ಹಸಿರು, ನೀಲಿ ಸೇರಿಸಿ ಬೇಕಾದ ಬಣ್ಣ ಮಾಡುವುದೇ ಆರ್‌ಜಿಬಿ. ಇದರಲ್ಲಿ ನೀಲಿ ಎಲ್‌ಇಡಿ ಬಹಳ ತಡವಾಗಿ ಸಿಕ್ಕಿದ್ದು. ಅದನ್ನು ಸಾಧಿಸಿದ ಅಕಸಾಕಿ, ಅಮಾನೊ, ನಕಮುರ ಅವರಿಗೆ 2014ರಲ್ಲಿ ಭೌತಶಾಸ್ತ್ರದ ನೊಬೆಲ್ ಬಂತು. ಯಾಕೆಂದರೆ ನೀಲಿ ಸಿಕ್ಕ ಮೇಲೆಯೇ ಇಂದು ನಾವು ಬಳಸುವ ಬಿಳಿ ಎಲ್‌ಇಡಿ ಬಲ್ಬ್ ಸಾಧ್ಯವಾಯಿತು. ಕಡಿಮೆ ಕರೆಂಟಿನಲ್ಲಿ ಜನರಿಗೆ ಬೆಳಕು ಕೊಟ್ಟಿದ್ದಕ್ಕೆ ಆ ಗೌರವ. ಅಂಥ ಬೆಳಕನ್ನು ಪುಸ್ತಕದ ಮೇಲೆ ಬೀಳಿಸುವುದು ಬಿಟ್ಟು ಮೇಜಿನ ಕೆಳಗಿನ ಡಬ್ಬಿಯೊಳಗೆ ಇಡುತ್ತೇವೆ. ಮಾನಿಟರ್ ಮಾತ್ರ ಹೊಳೆಯುತ್ತ ಕೋಣೆಯೆಲ್ಲ ಕತ್ತಲಿದ್ದರೆ ಕಣ್ಣು ದಣಿಯುತ್ತದೆ. ಕೀಬೋರ್ಡ್ ಮತ್ತು ನೋಟ್‌ಬುಕ್ ಮೇಲೆ ಬೀಳುವ ಒಂದು ಟೇಬಲ್ ಲ್ಯಾಂಪ್, ಬೇಕಾದರೆ ಮಾನಿಟರ್ ಹಿಂದೆ ಗೋಡೆಗೆ ಬೀಳುವಂತೆ ಒಂದು ಸಣ್ಣ ಬಿಳಿ ಎಲ್‌ಇಡಿ ಪಟ್ಟಿ, ಓದುವವನಿಗೆ ಇವು ಕೆಲಸಕ್ಕೆ ಬರುವ ಬೆಳಕು.

ಮತ್ತೊಂದು ವಿಷಯ. ನಮ್ಮಲ್ಲಿ ಹೆಚ್ಚಿನವರಿಗೆ ಸ್ವಂತ ಕೋಣೆ ಇಲ್ಲ. ಕಂಪ್ಯೂಟರ್ ಇರುವ ಕೋಣೆಯಲ್ಲೇ ದಾದಿಯೋ ತಮ್ಮನೋ ಮಲಗಿರುತ್ತಾರೆ. ರಂಜಾನಿನಲ್ಲಿ ಸಹ್ರಿಗೆ ಏಳಬೇಕಾದವರ ಕಣ್ಣಿಗೆ ರಾತ್ರಿಯಿಡೀ ನೇರಳೆ, ನೀಲಿ ಬಣ್ಣ ಸುತ್ತುತ್ತಿದ್ದರೆ ಹೇಗೆ? ಅಗ್ಗದ ಬಣ್ಣದ ಫ್ಯಾನ್‌ಗಳಲ್ಲಿ ಎಷ್ಟೋ ಫ್ಯಾನ್‌ಗಳ ಲೈಟ್ ಮಾತ್ರ ಆರಿಸಲು ಬರುವುದಿಲ್ಲ. ಫ್ಯಾನ್ ಓಡುವಷ್ಟು ಹೊತ್ತೂ ಅದು ಉರಿಯುತ್ತದೆ.

ಈಗ ಹಣದ ಮಾತು. ನಮ್ಮ ಮನೆಗೆ ಡೆಸ್ಕ್‌ಟಾಪ್ ವಿಚಾರಿಸಿದಾಗ ಅಂಗಡಿಯವರು ಎರಡು ಕೊಟೇಶನ್ ಬರೆದುಕೊಟ್ಟರು. ಪ್ರೊಸೆಸರ್, ರ‍್ಯಾಮ್, ಎಸ್‌ಎಸ್‌ಡಿ, ಮಾನಿಟರ್ ಎರಡರಲ್ಲೂ ಒಂದೇ. ಒಂದರಲ್ಲಿ ಗಾಜಿನ ಕ್ಯಾಬಿನೆಟ್, ಆರು ಬಣ್ಣದ ಫ್ಯಾನ್, ಲೈಟಿನ ಕೀಬೋರ್ಡ್. ಇನ್ನೊಂದರಲ್ಲಿ ಜಾಲರಿ ಕ್ಯಾಬಿನೆಟ್, ಎರಡು ಸಾದಾ ಫ್ಯಾನ್, ಸಾದಾ ಕೀಬೋರ್ಡ್. ವ್ಯತ್ಯಾಸ 5,500 ರೂಪಾಯಿ. ಅಬ್ಬಾ ಎರಡೂ ಚೀಟಿ ನೋಡಿ ಕೇಳಿದ್ದು ಒಂದೇ ಮಾತು: "ಇಸ್ಮೆ ಪಡ್ನೇಕಾ ಕಿತ್ತಾ, ದಿಖಾನೇಕಾ ಕಿತ್ತಾ?" ಇದರಲ್ಲಿ ಓದೋದಕ್ಕೆಷ್ಟು, ತೋರಿಸೋದಕ್ಕೆಷ್ಟು ಎಂದು. ಆ ಹಣ ಅಮ್ಮಿ ತಿಂಗಳು ತಿಂಗಳು ಬೀಸಿ ಕಟ್ಟಿ ಕೂಡಿಸಿದ್ದು. ಅವಕಾಶ ವೆಚ್ಚ ಎಂಬ ಪಾಠವನ್ನು ಇದಕ್ಕಿಂತ ಚೆನ್ನಾಗಿ ಯಾರೂ ಹೇಳಲಾರರು. ಅದೇ 5,500ರಲ್ಲಿ ಒಂದು 600 ವಿಎ ಯುಪಿಎಸ್ ಮತ್ತು ಒಂದು ಟೇಬಲ್ ಲ್ಯಾಂಪ್ ಬರುತ್ತವೆ. ಕರೆಂಟ್ ಹೋದಾಗ ಅರ್ಧ ಬರೆದ ಲೆಕ್ಕ ಉಳಿಸಿಕೊಳ್ಳಲು ಬಣ್ಣದ ಫ್ಯಾನ್ ಸಹಾಯ ಮಾಡುವುದಿಲ್ಲ, ಯುಪಿಎಸ್ ಮಾಡುತ್ತದೆ.

ಸವಕಳಿಯನ್ನೂ ನೋಡಿ. ಆದಾಯ ತೆರಿಗೆ ನಿಯಮಗಳ ಪ್ರಕಾರ ವ್ಯಾಪಾರದ ಪೀಠೋಪಕರಣಕ್ಕೆ ವರ್ಷಕ್ಕೆ 10%, ಕಂಪ್ಯೂಟರಿಗೆ 40% ಸವಕಳಿ. ಆ ಲೆಕ್ಕ ಹಿಡಿದರೆ 45,000 ರೂಪಾಯಿಯ ಕಂಪ್ಯೂಟರ್ ಒಂದು ವರ್ಷಕ್ಕೆ 27,000, ಎರಡಕ್ಕೆ 16,200, ಮೂರಕ್ಕೆ 9,720. ಇಷ್ಟು ಬೇಗ ಕರಗುವ ವಸ್ತುವಿಗೆ ಅಲಂಕಾರದ ಹಣ ಸುರಿಯುವ ಮುನ್ನ ವಾಣಿಜ್ಯ ವಿದ್ಯಾರ್ಥಿಗಳಾದ ನಾವಾದರೂ ಯೋಚಿಸಬೇಕಲ್ಲವೇ?

"ನಮಗೂ ಆಸೆ ಇರಬಾರದೇ? ಚೆಂದ ಕಾಣಲಿ ಎನ್ನುವುದು ತಪ್ಪೇ?" ಎಂದು ಗೆಳೆಯರು ಕೇಳುತ್ತಾರೆ. ತಪ್ಪಲ್ಲ. ಈದ್‌ಗೆ ಮನೆಗೆ ಲೈಟಿನ ಸರ ಹಾಕುವವರು ನಾವೇ. ಆಸೆ ಇದ್ದರೆ ಕಂಪ್ಯೂಟರ್ ಬಂದು, ಯುಪಿಎಸ್ ಬಂದು, ಕೈಯಲ್ಲಿ ನಮ್ಮದೇ ಹಣ ಉಳಿದ ಮೇಲೆ ಒಂದು ಎಲ್‌ಇಡಿ ಪಟ್ಟಿ ತನ್ನಿ. ಸ್ವಿಚ್ ಇರುವುದನ್ನೇ ತನ್ನಿ. ಮದರ್‌ಬೋರ್ಡಿಗೆ ಜೋಡಿಸುವುದಾದರೆ ಒಂದು ಎಚ್ಚರ: ನಾಲ್ಕು ಪಿನ್ನಿನ ಆರ್‌ಜಿಬಿ 12 ವೋಲ್ಟಿನದು, ಮೂರು ಪಿನ್ನಿನ ಎಆರ್‌ಜಿಬಿ 5 ವೋಲ್ಟಿನದು. 5 ವೋಲ್ಟಿನದನ್ನು 12ಕ್ಕೆ ಸಿಕ್ಕಿಸಿದರೆ ಎಲ್‌ಇಡಿ ಸುಟ್ಟುಹೋಗುತ್ತದೆ. ಆದರೆ ಚೆಂದ ಎಂದರೆ ಲೈಟೇ ಎಂದು ಒಪ್ಪಲಾರೆ. 2005ರಲ್ಲಿ ಆರಂಭವಾದ ನಾಕ್ಟುವಾ ಎಂಬ ಆಸ್ಟ್ರಿಯಾದ ಕಂಪನಿ ಕಂದು ಬಣ್ಣದ, ಲೈಟಿಲ್ಲದ ಫ್ಯಾನ್‌ಗಳಿಂದಲೇ ಜಗತ್ತಿಗೆಲ್ಲ ಪರಿಚಯವಾಗಿದೆ. ಅವು ದುಬಾರಿ, ನಮಗೆ ಬೇಕಿಲ್ಲ. ಆದರೆ ಕೆಲಸ ಗೊತ್ತಿದ್ದವರು ಫ್ಯಾನಿನಲ್ಲಿ ಹುಡುಕುವುದು ಗಾಳಿ ಮತ್ತು ನಿಶ್ಶಬ್ದವನ್ನು ಎಂಬುದಕ್ಕೆ ಅದು ಸಾಕ್ಷಿ.

ವುಜೂ ಮಾಡುವಾಗಲೂ ನೀರು ಪೋಲು ಮಾಡಬೇಡಿ ಎಂದು ಚಿಕ್ಕಂದಿನಿಂದ ಕಲಿತವರು ನಾವು. ಇಸ್ರಾಫ್ ಎಂಬ ಪದ ನಲ್ಲಿಗೆ ಮಾತ್ರ ಅನ್ವಯಿಸುವುದಿಲ್ಲ, ಕೊಟೇಶನ್ನಿಗೂ ಅನ್ವಯಿಸುತ್ತದೆ.

ಕೊನೆಗೆ ಒಂದು ಸಲಹೆ. ಬೇಸಿಗೆ ಶುರುವಾಗುವ ಮುನ್ನ ಒಂದು ಶನಿವಾರ ನಮ್ಮ ಕಾಲೇಜಿನ ಕಂಪ್ಯೂಟರ್ ಲ್ಯಾಬಿನಲ್ಲಿ ಧೂಳು ತೆಗೆಯುವ ದಿನ ಇಟ್ಟುಕೊಳ್ಳೋಣ. ಪ್ಲಗ್ ತೆಗೆದು, ಫ್ಯಾನಿನ ರೆಕ್ಕೆ ತಿರುಗದಂತೆ ಬೆರಳಿನಿಂದ ಹಿಡಿದು, ಬ್ರಶ್ ಮತ್ತು ಬ್ಲೋವರ್‌ನಿಂದ ಸ್ವಚ್ಛ ಮಾಡಲು ಒಂದು ಕಂಪ್ಯೂಟರಿಗೆ ಕಾಲು ಗಂಟೆ ಸಾಕು. ಪ್ರಾಂಶುಪಾಲರು ಮತ್ತು ಲ್ಯಾಬಿನ ಸರ್ ಒಪ್ಪಿದರೆ ನಮ್ಮ ಕ್ಲಾಸಿನಿಂದ ಹತ್ತು ಜನ ಬರಲು ತಯಾರಿದ್ದೇವೆ. ಕಲಿತದ್ದನ್ನು ಮನೆಗೂ ಒಯ್ಯಬಹುದು. ಹೊಸ ಕಂಪ್ಯೂಟರ್ ಕೊಳ್ಳಲಾಗದ ಮನೆಯಲ್ಲೂ ಹಳೆಯದಕ್ಕೆ ಗಾಳಿ ಆಡುವಂತೆ ಮಾಡಬಹುದು, ಅದಕ್ಕೆ ಖರ್ಚು ಹೆಚ್ಚಿಲ್ಲ.

– ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ