ಬೋರ್ಡು ಯಾರದು, ಗಿರಾಕಿ ಯಾರದು?

ಪೊಳ್ಳಾಚಿಯಿಂದ ಪಲ್ಲಡಂ ಕಡೆ ಹೋಗುವ ರಸ್ತೆಯಲ್ಲಿ ನೆಗಮಂ ಅಂತ ಒಂದು ಊರಿದೆ. ಸೀರೆ ವ್ಯಾಪಾರದವರಿಗೆ ಪರಿಚಯ ಹೇಳಬೇಕಾಗಿಲ್ಲ. ತೆಂಗಿನ ತೋಟಗಳ ನಡುವೆ ಮಗ್ಗದ ಮನೆಗಳು. ಆ ಮನೆಗಳೊಳಗೆ ದೇವಾಂಗದವರ ಕನ್ನಡ, ಕೆಲವು ಕಡೆ ತೆಲುಗು, ಅಂಗಡಿ ಬೀದಿಗೆ ಬಂದರೆ ತಮಿಳು. ನಮ್ಮ ಅಕ್ಕನನ್ನು ಆ ಊರಿಗೆ ಕೊಟ್ಟು ಮೂವತ್ತು ವರ್ಷದ ಮೇಲಾಯಿತು. ಕೊಳ್ಳೇಗಾಲದ ನಮಗೆ ಆ ಸೀಮೆ ಪರದೇಶವೇನಲ್ಲ. 1956ರ ನವೆಂಬರ್ 1ರವರೆಗೆ ನಮ್ಮ ತಾಲ್ಲೂಕೇ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಜಿಲ್ಲಾ ಕಚೇರಿ ಕೆಲಸ ಅಂದರೆ ನಮ್ಮ ತಾತ ದಿಂಬಂ ಘಾಟಿ ಇಳಿದೇ ಹೋಗಬೇಕಿತ್ತು.

ಕಳೆದ ತಿಂಗಳು ಹೋದಾಗ ಅಕ್ಕನ ಮನೆಯ ಎರಡು ಮಗ್ಗಗಳಲ್ಲಿ ಒಂದನ್ನು ಯಾರೋ ಬಂದು ನೋಡಿಕೊಂಡು ಹೋಗಿದ್ದರು. ಮನೆ ಪತ್ರವೂ ಬೀರುವಿನಿಂದ ಹೊರಗೆ ಬಂದಿತ್ತು. ಏನು ಸಮಾಚಾರ ಅಂತ ಕೇಳಿದೆ. ಅಕ್ಕನ ಮಗಳು ಪರ್ಸನಲ್ ಸ್ಟೈಲಿಸ್ಟ್ ಆಗಬೇಕಂತೆ.

ಹಾಗಂದರೇನು ಅಂತ ಕೇಳುವ ಓದುಗರು ನನ್ನ ಹಾಗೆಯೇ ಇದ್ದೀರಿ ಅಂತ ತಿಳಿದು ಹೇಳ್ತೇನೆ. ಯಾವ ಮೈಬಣ್ಣಕ್ಕೆ ಯಾವ ಬಣ್ಣ ಒಪ್ಪುತ್ತೆ, ಕುಳ್ಳಗಿರುವವರಿಗೆ ಎಷ್ಟು ಅಗಲದ ಅಂಚು ಇರಬೇಕು, ಸೀರೆಗೆ ಯಾವ ರವಿಕೆ, ಯಾವ ಒಡವೆ, ಯಾವ ಜಡೆ ಎಂದು ಹೇಳಿ, ತಾನೇ ಉಡಿಸಿ, ಮುಹೂರ್ತಕ್ಕೂ ರಿಸೆಪ್ಷನ್‌ಗೂ ಮದುಮಗಳನ್ನು ತಯಾರು ಮಾಡುವ ಕೆಲಸ. ಹುಡುಗಿ ಬಿ.ಕಾಂ. ಓದಿದ್ದಾಳೆ. ಕೊಯಮತ್ತೂರಿನ ಸೀರೆ ಅಂಗಡಿಯಲ್ಲಿ ಮೂರು ವರ್ಷ ನಿಂತಿದ್ದಾಳೆ. ಮಗ್ಗದ ಪಕ್ಕ ಆಡಿ ಬೆಳೆದವಳು, ಬಟ್ಟೆ ಮುಟ್ಟಿ ನೂಲಿನ ನಂಬರು ಹೇಳ್ತಾಳೆ. ಕೆಲಸದ ಬಗ್ಗೆ ನನಗೆ ತಕರಾರಿಲ್ಲ. ತಕರಾರಿದ್ದದ್ದು ಕಲಿಯುವ ದಾರಿಯ ಬಗ್ಗೆ.

ಮೇಜಿನ ಮೇಲೆ ಎರಡು ಕಾಗದ ಇದ್ದವು. ಒಂದು ದೊಡ್ಡ ಹೆಸರಿನ ಕಂಪನಿಯದು, ಹೆಸರು ಬೇಡ. ಆರು ತಿಂಗಳ ತರಬೇತಿ, ಆಮೇಲೆ ಪೊಳ್ಳಾಚಿಯಲ್ಲಿ ಅವರದೇ ಬೋರ್ಡಿನ ಫ್ರಾಂಚೈಸಿ. ತರಬೇತಿ ಫೀಸು, ಹೆಸರಿನ ಫೀಸು, ಕನ್ನಡಿ, ಕುರ್ಚಿ, ದೀಪ ಎಲ್ಲಾ ಸೇರಿ 14 ಲಕ್ಷ. ಇನ್ನೊಂದು ಹದಿನೈದು ವರ್ಷದಿಂದ ಮದುಮಕ್ಕಳಿಗೆ ಸೀರೆ ಉಡಿಸುತ್ತಿರುವ ಒಬ್ಬ ಹೆಂಗಸಿನ ವಿಸಿಟಿಂಗ್ ಕಾರ್ಡು. ಒಂದು ಸಲಕ್ಕೆ ಮೂವರಿಗಷ್ಟೇ ಕಲಿಸ್ತಾರೆ. ಮೂರು ತಿಂಗಳಿಗೆ 35 ಸಾವಿರ. ಸರ್ಟಿಫಿಕೇಟ್ ಅಂತ ಹೇಳಿಕೊಳ್ಳುವಂಥದ್ದು ಏನೂ ಇಲ್ಲ.

"ಕಂಪನಿ ಹೆಸರಿದ್ರೆ ಜನ ನಂಬ್ತಾರೆ" ಅಂದರು ಭಾವ. ಅದು ಸುಳ್ಳಲ್ಲ. 2000ದಲ್ಲಿ ಚೆನ್ನೈಯಲ್ಲಿ ಒಂದೇ ಅಂಗಡಿಯಾಗಿ ಶುರುವಾದ ನ್ಯಾಚುರಲ್ಸ್ ಫ್ರಾಂಚೈಸಿ ಕೊಟ್ಟೇ ಊರೂರಿಗೆ ಹಬ್ಬಿತು. ಎಷ್ಟೋ ಹೆಣ್ಣುಮಕ್ಕಳು ಆ ಬೋರ್ಡಿನ ಕೆಳಗೆ ಮೊದಲ ಸಲ ಮಾಲೀಕರಾದರು. ಪಾರ್ಲರ್ ಅಂದರೆ ಮೂಗು ಮುರಿಯುತ್ತಿದ್ದ ಮನೆಗಳೂ ದೊಡ್ಡ ಬೋರ್ಡು ನೋಡಿ ಸೊಸೆಯನ್ನು ಒಳಗೆ ಕಳಿಸಿದವು. ವಿದೇಶದಲ್ಲೂ ಹೀಗೇ. 1980ರಲ್ಲಿ ಅಮೆರಿಕದ ಕ್ಯಾರಲ್ ಜಾಕ್ಸನ್ 'ಕಲರ್ ಮಿ ಬ್ಯೂಟಿಫುಲ್' ಎಂಬ ಪುಸ್ತಕ ಬರೆದು ಜನರ ಮೈಬಣ್ಣವನ್ನು ನಾಲ್ಕು ಋತುಗಳಾಗಿ ವಿಂಗಡಿಸಿದರು. ಇಂಗ್ಲೆಂಡಿನ ಹೌಸ್ ಆಫ್ ಕಲರ್ ಅಂಥ ಬಣ್ಣದ ಸಲಹೆಯನ್ನೇ ಫ್ರಾಂಚೈಸಿ ಮಾಡಿ ಹಂಚುತ್ತಿದೆ. (ನಮ್ಮ ಕವಿಗಳಿಗೆ ಋತು ಆರು. ನೆಗಮಂ ಬಿಸಿಲಿಗೆ ಬೇಸಿಗೆ ಒಂದೇ ಅಂತ ಅಕ್ಕ ನಕ್ಕಳು. ಕಪ್ಪು, ಎಣ್ಣೆಗೆಂಪು, ಗೋಧಿ ಬಣ್ಣದವರೇ ತುಂಬಿರುವ ನಮ್ಮ ಊರುಗಳಿಗೆ ಆ ನಾಲ್ಕು ಖಾನೆ ಹೊಂದುತ್ತವಾ ಅನ್ನುವುದು ಕಲಿಯುವವರೇ ಕೇಳಬೇಕಾದ ಪ್ರಶ್ನೆ.)

ಆದರೆ ಭಾವನವರು ನೇಕಾರರಾಗಿ ಮರೆತದ್ದೊಂದಿದೆ. ಫ್ರಾಂಚೈಸಿ ಅನ್ನುವ ಪದ ಹೊಸದು, ವ್ಯವಹಾರ ನಮ್ಮಲ್ಲಿ ಹಳೆಯದು. ಸಾಹುಕಾರ ನೂಲು ಕೊಡ್ತಾನೆ, ಡಿಸೈನ್ ಕೊಡ್ತಾನೆ, ಸೀರೆ ಒಯ್ಯುತ್ತಾನೆ. ಮಗ್ಗ ನಮ್ಮದು, ಬೆನ್ನು ನಮ್ಮದು, ಕೈಗೆ ಬರೋದು ಮಜೂರಿ. ಕೊಳ್ಳೇಗಾಲದ ರೇಷ್ಮೆಯಲ್ಲೂ ಇದೇ, ನೆಗಮಂ ಹತ್ತಿಯಲ್ಲೂ ಇದೇ. ಅದರಲ್ಲಿ ನೆಮ್ಮದಿ ಇಲ್ಲ ಅಂತಲ್ಲ. ನೂಲಿನ ಬೆಲೆ ಏರಿದರೆ ತಲೆಬಿಸಿ ಅವನದು. ಆದರೆ ನಲವತ್ತು ವರ್ಷ ನೇಯ್ದ ಭಾವನವರ ಸೀರೆಯನ್ನು ಯಾರು ಉಟ್ಟರು ಅನ್ನುವುದು ಅವರಿಗೇ ಗೊತ್ತಿಲ್ಲ. ಅದು ಗೊತ್ತಿರುವವನು ಸಾಹುಕಾರ.

ನನಗೆ ಇನ್ನೊಂದು ಪಾಠ ಕೋಳಿಯಿಂದ ಆಯಿತು. ಉಡುಮಲೈಪೇಟೆ ಸುತ್ತ 1990ರ ದಶಕದಲ್ಲಿ ಬೇರೂರಿದ ಕರಾರು ಕೋಳಿ ಸಾಕಣೆ ನಮ್ಮ ಕಡೆಗೂ ಬಂದಾಗ ನಾನು ಒಂದು ಕಂಪನಿಯ ಜೊತೆ ಸೇರಿ ಸಾಲ ಮಾಡಿ ಶೆಡ್ಡು ಕಟ್ಟಿದೆ. ಮರಿ, ತೀನಿ, ಔಷಧ ಅವರದು. ಶೆಡ್ಡು, ಕರೆಂಟು, ನೀರು, ನಿದ್ದೆಗೆಟ್ಟ ರಾತ್ರಿ ನನ್ನವು. ಆರೇಳು ಬ್ಯಾಚ್ ಚೆನ್ನಾಗಿಯೇ ನಡೆಯಿತು. ಒಂದು ಬೇಸಿಗೆ ಅವರು ಮರಿ ಬಿಡುವುದು ನಿಲ್ಲಿಸಿದರು. ಬ್ಯಾಂಕಿನ ಕಂತು ನಿಲ್ಲಲಿಲ್ಲ. ಕೋಳಿ ಮಾರುವ ಅಂಗಡಿಯವರಲ್ಲಿ ಒಬ್ಬನ ಪರಿಚಯವೂ ನನಗಿರಲಿಲ್ಲ, ಯಾಕೆಂದರೆ ಆರೇಳು ಬ್ಯಾಚಿನಲ್ಲಿ ನಾನೇ ಒಂದು ಕೋಳಿಯನ್ನೂ ಮಾರಿರಲಿಲ್ಲ. ಈಗ ಆ ಶೆಡ್ಡಿನಲ್ಲಿ ತೆಂಗಿನ ಗರಿ ಇದೆ.

ಹೀಗಾಗಿ ಕಂಪನಿಯ ಕರಾರು ಪತ್ರವನ್ನು ಹುಡುಗಿಯ ಕೈಯಲ್ಲೇ ಓದಿಸಿ, ಇಂಗ್ಲಿಷ್ ಅರ್ಥ ಹೇಳಿಸಿಕೊಂಡು ಕೇಳಿದೆ. ರಾಯಲ್ಟಿ ಲಾಭದ ಮೇಲಲ್ಲ, ವಹಿವಾಟಿನ ಮೇಲೆ. ಆಷಾಢದಲ್ಲಿ ಮದುವೆ ಇಲ್ಲದೆ ಕೈಯಿಂದ ಬಾಡಿಗೆ ಕಟ್ಟಿದರೂ, ಬಂದ ನಾಲ್ಕು ಗಿರಾಕಿಯ ದುಡ್ಡಿನಲ್ಲಿ ಅವರ ಪಾಲು ಹೋಗಲೇಬೇಕು. ಕ್ರೀಮು, ಬಣ್ಣ, ಪಿನ್ನು ಅವರಲ್ಲೇ ಕೊಳ್ಳಬೇಕು. ಗಿರಾಕಿಗಳ ಫೋನ್ ನಂಬರು ಇರುವ ಕಂಪ್ಯೂಟರ್ ಲೆಕ್ಕ ಕಂಪನಿಯ ಆಸ್ತಿ. ಕರಾರು ಮುಗಿದ ಮೇಲೂ ಮೂರು ವರ್ಷ ಆ ಊರಲ್ಲಿ ಇದೇ ಕಸುಬು ಮಾಡುವಂತಿಲ್ಲ.

ಈ ಕೊನೆಯ ಮಾತಿಗೆ ಹೆದರಬೇಕಾಗಿಲ್ಲ ಅಂತ ನಮ್ಮ ಕಡೆಯ ವಕೀಲರು ಹೇಳಿದರು. 1872ರ ಕರಾರು ಕಾಯ್ದೆಯ 27ನೇ ಕಲಮಿನಂತೆ, ದುಡಿದು ತಿನ್ನುವುದನ್ನು ತಡೆಯುವ ಕರಾರು ಸಾಮಾನ್ಯವಾಗಿ ಊರ್ಜಿತವಲ್ಲ. ಆದರೆ ಕರಾರು ಜಾರಿಯಲ್ಲಿರುವಾಗ ಹಾಕಿದ ನಿರ್ಬಂಧ ನಿಲ್ಲುತ್ತೆ. ಗುಜರಾತಿನ ಬಾಟ್ಲಿಂಗ್ ಕಂಪನಿಗೂ ಕೋಕಾ ಕೋಲಾಗೂ ನಡೆದ ವ್ಯಾಜ್ಯದಲ್ಲಿ 1995ರಲ್ಲಿ ಸುಪ್ರೀಂ ಕೋರ್ಟ್ ಹಾಗೆ ಹೇಳಿದೆ. ಇನ್ನೊಂದು ವಿಷಯ ಕೇಳಿ. ಅಮೆರಿಕದಲ್ಲಿ ಫ್ರಾಂಚೈಸಿ ಕೊಡುವವನು ತನ್ನ ಖರ್ಚು, ವ್ಯಾಜ್ಯ, ಮುಚ್ಚಿದ ಅಂಗಡಿಗಳ ವಿವರವನ್ನು ಸಹಿಗೆ 14 ದಿನ ಮೊದಲೇ ಬರವಣಿಗೆಯಲ್ಲಿ ಕೊಡಬೇಕು. ನಮ್ಮಲ್ಲಿ ಫ್ರಾಂಚೈಸಿಗೆಂದೇ ಒಂದು ಕಾಯ್ದೆ ಇಲ್ಲ. ಹೀಗಾಗಿ ಮುಚ್ಚಿದ ಅಂಗಡಿಯವರನ್ನು ನಾವೇ ಹುಡುಕಿಕೊಂಡು ಹೋಗಿ ಕೇಳಬೇಕು. ಭಾವ ನೋಡಿ ಬಂದದ್ದು ಕಂಪನಿಯವರೇ ತೋರಿಸಿದ ಎರಡು ಅಂಗಡಿಗಳನ್ನು.

ವ್ಯಾಪಾರಸ್ಥರು ತೆರಿಗೆಯನ್ನೂ ಲೆಕ್ಕ ಹಾಕಲಿ. 2025ರ ಸೆಪ್ಟೆಂಬರ್ 22ರಿಂದ ಪಾರ್ಲರ್ ಸೇವೆಯ ಜಿಎಸ್‌ಟಿ ಶೇ. 18ರಿಂದ 5ಕ್ಕೆ ಇಳಿದಿದೆ. ಗಿರಾಕಿಗೆ ಒಳ್ಳೆಯದೇ. ಆದರೆ ಈ 5ರ ದರದಲ್ಲಿ, ನಾವು ಕೊಂಡದ್ದಕ್ಕೆ ಕಟ್ಟಿದ ತೆರಿಗೆಯನ್ನು ಮುರಿದುಕೊಳ್ಳುವಂತಿಲ್ಲ. ಅಂದರೆ ರಾಯಲ್ಟಿ ಮೇಲೆ ಕಂಪನಿ ಹಾಕುವ ಶೇ. 18 ನಮ್ಮ ಗಂಟಿನಿಂದಲೇ ಹೋಗುತ್ತೆ. ಒಂಟಿಯಾಗಿ ಕೆಲಸ ಮಾಡುವ ಹುಡುಗಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಆ ನೋಂದಣಿಯ ಗೋಜೇ ಇಲ್ಲ.

ಇಷ್ಟೆಲ್ಲಾ ಹೇಳಿದ ಮೇಲೆ ಹುಡುಗಿ ಒಂದು ಮಾತು ಕೇಳಿದಳು, ನಾನು ಸುಮ್ಮನಾದೆ.

"ಮಾವ, ನೀವು ಗಂಡಸರು. ನೆಗಮಂ ನೇಕಾರರ ಮಗಳು ಅಂದ್ರೆ ಕೊಯಮತ್ತೂರಿನ ದೊಡ್ಡ ಮನೆಯವರು ಸೀರೆ ತಗೊಂಡು ಬಾ ಅಂತಾರೆ. ಮಗಳನ್ನ ಅಲಂಕಾರ ಮಾಡು ಅಂತಾರಾ? ಆ ಬಾಗಿಲು ತೆಗೆಸೋಕೆ ನಂಗೆ ಒಂದು ಹೆಸರು ಬೇಕು."

ಇದಕ್ಕೆ ನನ್ನ ಹತ್ತಿರ ಪೂರ್ತಿ ಉತ್ತರ ಇಲ್ಲ. ಒಬ್ಬರೇ ಕಲಿಸುವ ಕಡೆ ಇರುವ ಕೊರತೆಗಳೂ ನನಗೆ ಗೊತ್ತು. ಕಲಿಸುವವರಿಗೆ ಬೇಸರ ಬಂದರೆ ಪಾಠ ನಿಂತಿತು. ಬಣ್ಣ ಹಚ್ಚುವ ಮುಂಚೆ ಕಿವಿಯ ಹಿಂದೆ ಸ್ವಲ್ಪ ಹಚ್ಚಿ ಒಂದು ದಿನ ಕಾದು ನೋಡಬೇಕು ಅನ್ನುವಂಥ ಶಿಸ್ತನ್ನು ಎಲ್ಲರೂ ಕಲಿಸೋದಿಲ್ಲ. ಲೆಕ್ಕ ಬರೆಯೋದು, ಮುಂಗಡ ಕೇಳೋದು, ಸಂಬಂಧಿಕರಿಗೆ ಉದ್ರಿ ಇಲ್ಲ ಅನ್ನೋದು ಕಂಪನಿಯವರಿಗೆ ಸಲೀಸು, ನಮ್ಮ ಹುಡುಗಿಯರಿಗೆ ಕಷ್ಟ.

ಆದರೂ ನನ್ನ ಅಭಿಪ್ರಾಯ ಒಂಟಿ ದಾರಿಯ ಕಡೆಗೇ. ಆ ಶಿಸ್ತು ಕಲಿಯೋಕೆ 14 ಲಕ್ಷ ಬೇಕಾಗಿಲ್ಲ. ಧರ್ಮಸ್ಥಳದ ಹೆಗ್ಗಡೆಯವರು ಸಿಂಡಿಕೇಟ್ ಬ್ಯಾಂಕ್, ಕೆನರಾ ಬ್ಯಾಂಕ್ ಜೊತೆ ಸೇರಿ 1982ರಲ್ಲಿ ಉಜಿರೆಯಲ್ಲಿ ಶುರು ಮಾಡಿದ ರುಡ್‌ಸೆಟಿಯ ಮಾದರಿಯಲ್ಲೇ ಇಂದು ದೇಶದ ಬಹುಪಾಲು ಜಿಲ್ಲೆಗಳಲ್ಲಿ ಬ್ಯಾಂಕುಗಳ ಆರ್‌ಸೆಟಿ ಕೇಂದ್ರಗಳಿವೆ. ಬ್ಯೂಟಿ ಪಾರ್ಲರ್ ತರಬೇತಿ ಸುಮಾರು ಒಂದು ತಿಂಗಳು, ಊಟ ವಸತಿ ಸಮೇತ ಉಚಿತ. ಲೆಕ್ಕ ಪತ್ರ, ಬ್ಯಾಂಕ್ ಸಾಲದ ಅರ್ಜಿ ಎಲ್ಲಾ ಹೇಳಿಕೊಡ್ತಾರೆ. ಆಮೇಲೆ ಆ ಹೆಂಗಸಿನ ಹತ್ತಿರ ಮೂರು ತಿಂಗಳು. ಸಾಮಾನಿಗೆ ಬೇಕಾದರೆ ಮುದ್ರಾದ ಶಿಶು ಸಾಲ 50 ಸಾವಿರದವರೆಗೆ ಅಡಮಾನವಿಲ್ಲದೆ ಸಿಗುತ್ತೆ. ಮನೆ ಪತ್ರ ಬೀರುವಿಗೆ ವಾಪಸ್ ಹೋಗಲಿ.

ಹೆಸರಿನ ಮಾತಿಗೆ ಬಂದರೆ, ಇವಳ ಹತ್ತಿರ ಒಂದು ಹೆಸರು ಆಗಲೇ ಇದೆ. ನೆಗಮಂ ಹತ್ತಿ ಸೀರೆಗೆ 2023ರಲ್ಲಿ ಜಿಐ ಮಾನ್ಯತೆ ಬಂತು. ಆ ಹೆಸರಿಗೆ ರಾಯಲ್ಟಿ ಕೇಳುವ ಕಂಪನಿ ಇಲ್ಲ. ಅದು ಊರಿನದು, ಮಗ್ಗದವರದು. ಮಾನ್ಯತೆ ಬಂದ ಮಾತ್ರಕ್ಕೆ ಪವರ್‌ಲೂಮ್ ಸೀರೆಗೆ ಆ ಹೆಸರು ಅಂಟಿಸಿ ಮಾರುವವರು ನಿಂತುಬಿಡ್ತಾರೆ ಅಂತ ನಾನು ನಂಬೋದಿಲ್ಲ. ಆದರೆ ನಿಜವಾದ ಸೀರೆ ಯಾವುದು ಅಂತ ಮದುಮಗಳ ಮುಂದೆ ಕೂತು ತೋರಿಸಿ, ಅದನ್ನು ಅವಳ ಮೈಗೆ ಒಪ್ಪುವ ಹಾಗೆ ಉಡಿಸಬಲ್ಲವರು ಎಷ್ಟು ಜನ? ರ್ತಾ ಕಪೂರ್ ಚಿಷ್ಟಿಯವರು ದೇಶ ಸುತ್ತಿ ಸೀರೆ ಉಡುವ 108 ಬಗೆಗಳನ್ನು ದಾಖಲು ಮಾಡಿದ್ದಾರೆ. ಕೊಲ್ಕತ್ತಾದ ಡಾಲಿ ಜೈನ್ ಬರೀ ಸೀರೆ ಉಡಿಸುವುದನ್ನೇ ಕಸುಬು ಮಾಡಿಕೊಂಡು ಸ್ವಂತ ಹೆಸರಿನಲ್ಲೇ ಬೆಳೆದರು. ನೆರಿಗೆ ಹಿಂದಕ್ಕೆ ಬರುವ ನಮ್ಮ ಕೊಡಗಿನ ಉಡಿಗೆಯನ್ನು ಒಪ್ಪವಾಗಿ ಉಡಿಸುವವರು ಪೊಳ್ಳಾಚಿಯಲ್ಲಿ ಇದ್ದಾರೋ ಇಲ್ಲವೋ, ಇವಳು ಕಲಿತರೆ ಒಬ್ಬಳಾದರೂ ಇರ್ತಾಳೆ.

ಭಾವ ಮಗ್ಗ ನೋಡಲು ಬಂದವನಿಗೆ ಇನ್ನೂ ಇಲ್ಲ ಅಂತ ಹೇಳಿಲ್ಲ. ಹುಡುಗಿ ಆರ್‌ಸೆಟಿಗೆ ಅರ್ಜಿ ಹಾಕಿದ್ದಾಳೆ. ಕಂಪನಿ ಕಾಗದವನ್ನೂ ಹರಿದಿಲ್ಲ. ಮೊನ್ನೆ ಫೋನ್ ಮಾಡಿ, ಬೋರ್ಡಿಗೆ ಒಂದು ಹೆಸರು ಹೇಳಿ ಮಾವ ಅಂದಳು. ಕನ್ನಡದಲ್ಲಿ ಒಂದು, ತೆಲುಗಿನಲ್ಲಿ ಒಂದು ಹೇಳಿದೆ. ಎರಡೂ ಬೇಡವಂತೆ. "ಕವಿತೆ ಬೇಡ ಮಾವ, ನೆಗಮಂ ಅಂತ ಇರಲಿ, ಕೆಳಗೆ ನನ್ನ ಫೋನ್ ನಂಬರ್ ದೊಡ್ಡದಾಗಿ ಕಾಣಬೇಕು" ಅಂದಳು.