ಬೆಳಕಿಗೆ ದುಡ್ಡು ಕೊಟ್ವಿ, ಕ್ಯಾಪ್‌ಗೆ ಉಳೀಲಿಲ್ಲ

1/8
ದಾವಣಗೆರೆಯ ಯಾವ ದೊಡ್ಡ ರಸ್ತೇಲಿ ಹೋದ್ರೂ ಹಲ್ಲಿನ ಕ್ಲಿನಿಕ್ ಬೋರ್ಡು ಕಣ್ಣಿಗೆ ಬೀಳುತ್ತೆ. ಎರಡು ಡೆಂಟಲ್ ಕಾಲೇಜು ಇರೋ ಊರು, ಅದರಲ್ಲಿ ಆಶ್ಚರ್ಯ ಏನಿಲ್ಲ. ಈಗೀಗ ಒಂದು ಹೊಸ ಪದ ಸೇರಿಕೊಂಡಿದೆ: 'ಲೇಸರ್ ರೂಟ್ ಕೆನಾಲ್'. ರೀಲ್ಸ್ ತೆಗೆದ್ರೂ ಅದೇ. ಹಲ್ಲಿನೊಳಗೆ ಕೆಂಪು ಬೆಳಕು, ಹಿಂದೆ ಒಂದು ಹಾಡು, ಕೊನೆಗೆ ಪೇಷಂಟ್ ನಗು.

ನನ್ನ ಮಾತು ಮೊದಲೇ ಹೇಳಿಬಿಡ್ತೀನಿ. ಆ ಬೆಳಕು ಸುಳ್ಳಲ್ಲ. ಅದನ್ನ ಮಾರೋ ರೀತಿ ಸುಳ್ಳು. ಹಲ್ಲು ಉಳಿಸೋ ಕೆಲಸಗಳು ಬೇರೆ ಇವೆ, ಅವು ರೀಲ್ಸ್‌ನಲ್ಲಿ ಚೆಂದ ಕಾಣಲ್ಲ, ಅಷ್ಟೇ. ಯಾಕೆ ಅಂತ ಕೊನೇವರೆಗೂ ಓದಿ. 👇

2/8
ನಮ್ಮದು ಹರಿಹರ. ಅವ್ವನ ಕೆಳಗಿನ ದವಡೆ ಹಲ್ಲು ಎರಡು ವರ್ಷ ನೋಯ್ತು. ನೋವು ಬಂದಾಗ ಮೆಡಿಕಲ್ ಶಾಪ್ ಮಾತ್ರೆ, ಹೋದಾಗ ಮರೆವು. ಮುಖ ಊದಿಕೊಂಡಾಗ ಕ್ಲಿನಿಕ್‌ಗೆ ಕರ್ಕೊಂಡು ಹೋದೆ. 'ಮಾಮೂಲಿ ಮಾಡಿಸ್ತೀರೋ, ಲೇಸರ್ ಮಾಡಿಸ್ತೀರೋ? ಲೇಸರ್ ಆದ್ರೆ ಒಂದು ಹುಳಾನೂ ಉಳಿಯಲ್ಲ' ಅಂದ್ರು. ಅವ್ವ ನನ್ನ ಮುಖ ನೋಡಿದ್ಲು. ಮಗ ಅನ್ನಿಸಿಕೊಂಡವನು ಮಾಮೂಲಿ ಅಂತ ಹೆಂಗೆ ಹೇಳ್ತಾನೆ? ಹೆಚ್ಚಿನ ದುಡ್ಡು ಕೊಟ್ಟೆ.

ಕ್ಯಾಪ್ ವಿಷಯ ಬಂದಾಗ ಕೈ ಖಾಲಿ. 'ಅವಸರ ಇಲ್ಲ, ನಿಧಾನಕ್ಕೆ ಹಾಕಿಸಿ' ಅಂದ್ರು. ಏಳು ತಿಂಗಳಾದ ಮೇಲೆ ಮಂಡಕ್ಕಿ ಜೊತೆ ಹುರಿದ ಶೇಂಗಾ ಕಡಿದಾಗ ಹಲ್ಲು ಟಕ್ ಅಂತ ಸೀಳಿತು. ಸೀಳು ಬೇರಿನವರೆಗೂ ಹೋಗಿತ್ತು, ಕೀಳಿಸಲೇಬೇಕಾಯ್ತು. ಹುಳ ಸತ್ತಿದ್ವೋ ಇಲ್ಲೋ, ಹಲ್ಲಂತೂ ಹೋಯ್ತು.

ಆಮೇಲೆ ಕೂತು ಓದಿದೆ, ತಿಳಿದವರನ್ನ ಕೇಳಿದೆ. ಗೊತ್ತಾಗಿದ್ದು ಇಲ್ಲಿದೆ.

3/8
ಮೊದಲು ಬೆಳಕಿಗೆ ಸಲ್ಲಬೇಕಾದ ಮರ್ಯಾದೆ ಸಲ್ಲಿಸೋಣ.

1900ರ ಸುಮಾರಿಗೆ ಜರ್ಮನಿಯ ಮ್ಯೂನಿಕ್‌ನಲ್ಲಿ ಆಸ್ಕರ್ ರಾಬ್ ಅನ್ನೋ ವಿದ್ಯಾರ್ಥಿ ಒಂದು ವಿಚಿತ್ರ ನೋಡಿದ. ಬಣ್ಣ ಬೆರೆಸಿದ ನೀರಲ್ಲಿ ಬಿಟ್ಟ ಸೂಕ್ಷ್ಮಜೀವಿಗಳು ಬೆಳಕು ಬಿದ್ದಾಗ ಬೇಗ ಸಾಯ್ತಿದ್ವು, ಕತ್ತಲಲ್ಲಿ ಹಾಗಾಗ್ತಿರಲಿಲ್ಲ. ಈ ಚಿಕಿತ್ಸೆಯ ಬೇರು ಅಲ್ಲಿದೆ.

ಹಲ್ಲಿನಲ್ಲಿ ಮಾಡೋದೂ ಅದನ್ನೇ. ಮೆಥಿಲೀನ್ ಬ್ಲೂ ತರದ ನೀಲಿ ಬಣ್ಣವನ್ನ ಬೇರಿನ ನಾಳಕ್ಕೆ ಬಿಡ್ತಾರೆ. ಅದು ಬ್ಯಾಕ್ಟೀರಿಯಾಕ್ಕೆ ಅಂಟಿಕೊಳ್ಳಲಿ ಅಂತ ಸ್ವಲ್ಪ ಹೊತ್ತು ಕಾಯ್ತಾರೆ. ಆಮೇಲೆ ಕೂದಲಿನಂಥ ಫೈಬರ್ ಇಳಿಸಿ ಕೆಂಪು ಬೆಳಕು ಬಿಡ್ತಾರೆ. ಬಣ್ಣ ಬೆಳಕನ್ನ ಹೀರಿ ಆ ಶಕ್ತಿಯನ್ನ ಆಮ್ಲಜನಕಕ್ಕೆ ಕೊಡುತ್ತೆ. ಆ ಕೆರಳಿದ ಆಮ್ಲಜನಕ ಬ್ಯಾಕ್ಟೀರಿಯಾದ ಗೋಡೆಯನ್ನೇ ಹರಿದು ಹಾಕುತ್ತೆ. ಕೊಲ್ಲೋದು ಬೆಳಕಿನ ಬಿಸಿ ಅಲ್ಲ, ಈ ಆಮ್ಲಜನಕ.

ಅಂದಹಾಗೆ ಮೆಥಿಲೀನ್ ಬ್ಲೂ 1876ರಲ್ಲಿ ಹುಟ್ಟಿದ್ದು ಬಟ್ಟೆಗೆ ಹಾಕೋ ಬಣ್ಣವಾಗಿ. ಕಾಟನ್ ಮಿಲ್‌ಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಅನ್ನಿಸಿಕೊಂಡ ಊರಿಗೆ ಇದು ಅಪರಿಚಿತ ಸಂಬಂಧ ಏನಲ್ಲ.

ಇನ್ನೊಂದು ಒಳ್ಳೇ ಗುಣ: ಈ ಆಮ್ಲಜನಕ ಒಂದೇ ಸಲ ಹತ್ತು ಕಡೆ ಹೊಡೆಯೋದರಿಂದ ಬ್ಯಾಕ್ಟೀರಿಯಾ ಅದಕ್ಕೆ ಒಗ್ಗಿಕೊಳ್ಳೋದು ಕಷ್ಟ. ಆಂಟಿಬಯೋಟಿಕ್ ಮಾತ್ರೆ ಬಗ್ಗೆ ಈ ಮಾತು ಹೇಳೋಕಾಗಲ್ಲ. ಅದೂ ಅಲ್ದೆ, ನರ ಸತ್ತ ಹಲ್ಲಿನೊಳಗೆ ರಕ್ತ ಹರಿಯಲ್ಲ. ರಕ್ತ ಹೋಗದ ಜಾಗಕ್ಕೆ ನುಂಗಿದ ಮಾತ್ರೆ ಹೆಂಗೆ ಹೋಗುತ್ತೆ? ಅವ್ವನ ಎರಡು ವರ್ಷದ ಮಾತ್ರೆ ಲೆಕ್ಕ ಇಲ್ಲೇ ಮುಗೀತು.

4/8
ಈಗ ರೀಲ್ಸ್ ಹೇಳದೇ ಇರೋದು.

➡️ ನಾಳ ಅಂದ್ರೆ ನೇರ ಪೈಪ್ ಅಲ್ಲ. ತಿರುವು, ಕವಲು, ಸಂದು ಎಲ್ಲಾ ಇರ್ತವೆ. ಬಣ್ಣ ಮುಟ್ಟದ ಕಡೆ, ಬೆಳಕು ತಲುಪದ ಕಡೆ ಏನೂ ಆಗಲ್ಲ.
➡️ ಆಮ್ಲಜನಕ ಬೇಕು. ಕೊಳೆತ ನಾಳದ ಆಳದಲ್ಲಿ ಅದೇ ಕಮ್ಮಿ.
➡️ ಒಳಗೆ ಸತ್ತ ನರದ ಚೂರು ಇದ್ರೆ ಬೆಳಕು ಅದನ್ನ ಕರಗಿಸಲ್ಲ.
➡️ ಬಣ್ಣ ಸರಿಯಾಗಿ ತೊಳೀದಿದ್ರೆ ಹಲ್ಲಿಗೇ ನೀಲಿ ಕಲೆ.

ಸಂಶೋಧನೆ ಏನು ಹೇಳುತ್ತೆ? ಮಾಮೂಲಿ ಕ್ಲೀನಿಂಗ್ ಆದ ಮೇಲೆ ಇದನ್ನ ಸೇರಿಸಿದ್ರೆ ಉಳಿದ ಬ್ಯಾಕ್ಟೀರಿಯಾ ಇನ್ನಷ್ಟು ಇಳಿಯುತ್ತೆ ಅಂತ ತೋರಿಸಿದ ಅಧ್ಯಯನಗಳಿವೆ. ಆದರೆ ಅದರಿಂದ ಹಲ್ಲು ಹೆಚ್ಚು ವರ್ಷ ಬಾಳುತ್ತೆ ಅನ್ನೋದಕ್ಕೆ ಅಷ್ಟು ಗಟ್ಟಿ ಸಾಕ್ಷಿ ಇನ್ನೂ ಇಲ್ಲ. 'ಕ್ಲೀನಿಂಗ್ ಆದ ಮೇಲೆ' ಅನ್ನೋ ಮಾತಿಗೆ ಗೆರೆ ಎಳ್ಕೊಳ್ಳಿ. ಇದು ಕ್ಲೀನಿಂಗ್ ಬದಲಿಗೆ ಮಾಡೋದಲ್ಲ.

5/8
ಹಾಗಾದ್ರೆ ಹಲ್ಲು ಉಳಿಸೋದು ಯಾವುದು? ಬೋರ್ಡ್ ಮೇಲೆ ಯಾರೂ ಬರೆಸದ ಕೆಲಸಗಳು.

ರಬ್ಬರ್ ಡ್ಯಾಮ್: ಹಲ್ಲಿನ ಸುತ್ತ ಕಟ್ಟೋ ರಬ್ಬರ್ ಹಾಳೆ. ಎಂಜಲು ಒಳಗೆ ಹೋಗಬಾರದು ಅಂತ. 1864ರಿಂದ ಇದೆ. ಒಂದು ಕಡೆ ಬೆಳಕಿನಿಂದ ಬ್ಯಾಕ್ಟೀರಿಯಾ ಕೊಂದು, ಇನ್ನೊಂದು ಕಡೆ ಎಂಜಲು ಒಳಗೆ ಹರಿಯೋಕೆ ಬಿಟ್ರೆ ಏನ್ರಿ ಪ್ರಯೋಜನ?

ಹೈಪೋಕ್ಲೋರೈಟ್: ಬ್ಲೀಚ್ ಜಾತಿಯ ದ್ರಾವಣ. ಬ್ಯಾಕ್ಟೀರಿಯಾನೂ ಕೊಲ್ಲುತ್ತೆ, ಸತ್ತ ನರವನ್ನೂ ಕರಗಿಸುತ್ತೆ. ಲೇಸರ್ ಮುಂದೆ ಇದರ ಬೆಲೆ ಏನೂ ಅಲ್ಲ. ಆದ್ರೆ ಮತ್ತೆ ಮತ್ತೆ, ತಾಳ್ಮೆಯಿಂದ ತೊಳೀಬೇಕು.

ಕ್ಯಾಲ್ಸಿಯಂ ಹೈಡ್ರಾಕ್ಸೈಡ್: ಎಲೆ ಅಡಿಕೆಗೆ ಹಚ್ಚೋ ಸುಣ್ಣ ಇದೆಯಲ್ಲ, ಅದೇ ಪದಾರ್ಥ, ಶುದ್ಧ ರೂಪದಲ್ಲಿ. ಕೀವು ಜಾಸ್ತಿ ಇದ್ರೆ ಇದನ್ನ ಒಳಗಿಟ್ಟು ಒಂದೆರಡು ವಾರ ಬಿಡ್ತಾರೆ. (ಮನೇಲಿ ಸುಣ್ಣ ತುಂಬೋಕೆ ಹೋಗ್ಬೇಡಿ, ಬಾಯಿ ಸುಟ್ಟು ಹೋಗುತ್ತೆ!) 'ಒಂದೇ ಸಿಟಿಂಗ್' ಕೆಲವು ಹಲ್ಲಿಗೆ ಸರಿ, ಎಲ್ಲ ಹಲ್ಲಿಗೂ ಅಲ್ಲ.

ಇನ್ನು ಎಲ್ಲ ನಾಳ ಹುಡುಕೋದು. ಮೇಲಿನ ಮೊದಲ ದವಡೆ ಹಲ್ಲಿನಲ್ಲಿ ಎಷ್ಟೋ ಸಲ ನಾಲ್ಕನೇ ನಾಳ ಅಡಗಿರುತ್ತೆ. ಹುಡುಕದ ನಾಳಕ್ಕೆ ಯಾವ ಬೆಳಕೂ ಹೋಗಲ್ಲ.

6/8
ಕೊನೆಗೆ ಕ್ಯಾಪ್. ನಾನು ಸೋತ ಜಾಗ.

ರೂಟ್ ಕೆನಾಲ್ ಆದ ದವಡೆ ಹಲ್ಲು ಒಳಗೆ ಟೊಳ್ಳು, ಗೋಡೆ ತೆಳು. ಅಮೆರಿಕದಲ್ಲಿ 2002ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕ್ಯಾಪ್ ಹಾಕದ ಹಲ್ಲುಗಳು ಕ್ಯಾಪ್ ಹಾಕಿದವಕ್ಕಿಂತ 6 ಪಟ್ಟು ವೇಗದಲ್ಲಿ ಬಾಯಿಂದ ಹೋಗಿದ್ವು. 1995ರಲ್ಲಿ ಇನ್ನೊಂದು ತಂಡ ಸಾವಿರಕ್ಕೂ ಹೆಚ್ಚು ಹಲ್ಲುಗಳ ಎಕ್ಸ್‌ರೇ ನೋಡಿ, ಮೇಲಿನ ಮುಚ್ಚಿಗೆ ಚೆನ್ನಾಗಿರೋದು ಒಳಗಿನ ತುಂಬುವಿಕೆಯಷ್ಟೇ ಅಲ್ಲ, ಅದಕ್ಕಿಂತಲೂ ಮುಖ್ಯ ಅಂತ ಹೇಳಿತು. ಎರಡೂ ಬೇಕು ಅಂತ ಆಮೇಲಿನವರು ತಿದ್ದಿದ್ರು. ಮುಚ್ಚಿಗೆ ಬೇಡ ಅಂತ ಮಾತ್ರ ಯಾರೂ ಹೇಳಲಿಲ್ಲ.

ಮನೆಗೆ ಪೇಂಟ್ ಹೊಡೆಸಿ ಚಾವಣಿ ಹಾಕಿಸೋದು ಮರೆತ ಹಾಗಾಯ್ತು ನನ್ನ ಕಥೆ. 😔

7/8
ಕಮೆಂಟ್‌ನಲ್ಲಿ ಬರೋ ಪ್ರಶ್ನೆಗೆ ಈಗಲೇ ಉತ್ತರ. 'ಹೊಸದೆಲ್ಲಾ ಬೇಡ ಅಂತೀರಾ?' ಇಲ್ಲ ರೀ. ಒಂದ್ಸಲ ಮಾಡಿಸಿ ಕೆಟ್ಟ ಹಲ್ಲು, ಹಟ ಹಿಡಿದ ಸೋಂಕು, ಇಂಥ ಕಡೆ ತಿಳಿದ ಎಂಡೊಡಾಂಟಿಸ್ಟ್ ಎಲ್ಲ ಕ್ಲೀನಿಂಗ್ ಮುಗಿಸಿ ಕೊನೇ ಅಸ್ತ್ರವಾಗಿ ಬೆಳಕು ಬಳಸಿದ್ರೆ ನಮಸ್ಕಾರ.

ಆದ್ರೆ 'ಲೇಸರ್' ಅನ್ನೋ ಒಂದೇ ಹೆಸರಲ್ಲಿ ಮೂರು ಬೇರೆ ಬೇರೆ ಕೆಲಸ ಮಾರ್ತಿದಾರೆ: ಬಣ್ಣ ಹಾಕಿ ಬಿಡೋ ಕಡಿಮೆ ಶಕ್ತಿಯ ಬೆಳಕು, ಬಿಸಿಯಿಂದ ಸುಡೋ ಲೇಸರ್, ಒಳಗಿನ ದ್ರಾವಣವನ್ನ ಕಲಕೋ ಲೇಸರ್. ಯಾವುದು ಅಂತ ಹೇಳದೆ ಬಿಲ್ ಮಾಡೋದು ಬೆಣ್ಣೆ ದೋಸೆ ಅಂತ ಹೇಳಿ ಡಾಲ್ಡಾ ದೋಸೆ ಕೊಟ್ಟ ಹಾಗೆ. ದಾವಣಗೆರೆಯವರು ದೋಸೇಲಿ ಮೋಸ ಒಪ್ಪಲ್ಲ, ಹಲ್ಲಿನಲ್ಲಿ ಯಾಕೆ ಒಪ್ಪಬೇಕು?

8/8
ನಮ್ಮ ರಾಜ್ಯದಲ್ಲಿ 'ದಂತ ಭಾಗ್ಯ' ಅಂತ ಯೋಜನೆ ಇದೆ. ಹಲ್ಲೆಲ್ಲಾ ಹೋದ ಬಡ ಹಿರಿಯರಿಗೆ ಉಚಿತ ಹಲ್ಲು ಸೆಟ್. ಒಳ್ಳೇದೇ. ಆದ್ರೆ ಇರೋ ಹಲ್ಲಿಗೆ ಕ್ಯಾಪ್ ಹಾಕಿಸೋ 'ಭಾಗ್ಯ' ಅಂತ ಹೆಸರು ಯಾವತ್ತಾದ್ರೂ ಕೇಳಿದೀರಾ? ಹಲ್ಲು ಕಳ್ಕೊಂಡ ಮೇಲೆ ನೆನಪಾಗೋ ಬಡವರು, ಹಲ್ಲು ನೋಯೋವಾಗಲೂ ನೆನಪಾಗ್ಲಿ ಅನ್ನೋದು ನನ್ನ ಕೋರಿಕೆ.

ಹರಿಹರದವರಿಗೆ ಒಂದು ಮಾತು. 14 ಕಿಲೋಮೀಟರ್ ಆಸುಪಾಸಿನಲ್ಲಿ ಡೆಂಟಲ್ ಕಾಲೇಜುಗಳಿವೆ. ಬಾಪೂಜಿ ಡೆಂಟಲ್ ಕಾಲೇಜು 1979ರಿಂದ ಇದೆ. ಕಾಲೇಜು ಆಸ್ಪತ್ರೆ ಅಂದ್ರೆ ನಾಲ್ಕು ಸಲ ಓಡಾಡಬೇಕಾಗಬಹುದು, ಸಾಲಲ್ಲಿ ಕಾಯಬೇಕಾಗಬಹುದು. ಆದ್ರೆ ಕಲಿಯೋರ ಹಿಂದೆ ಕಲಿಸೋರು ನಿಂತಿರ್ತಾರೆ.

ಎಲ್ಲಿಗೇ ಹೋಗಿ, ಕುರ್ಚಿ ಮೇಲೆ ಮಲಗೋ ಮುಂಚೆ ಇಷ್ಟು ಕೇಳಿ:
✅ ರಬ್ಬರ್ ಡ್ಯಾಮ್ ಹಾಕ್ತೀರಾ?
✅ ಯಾವ ದ್ರಾವಣದಿಂದ ತೊಳೀತೀರಾ?
✅ ಲೇಸರ್ ಅಂದ್ರೆ ಯಾವುದು? ನನ್ನ ಹಲ್ಲಿಗೆ ಯಾಕೆ ಬೇಕು?
✅ ಕ್ಯಾಪ್ ಸೇರಿ ಒಟ್ಟು ಎಷ್ಟು?
✅ ಆರು ತಿಂಗಳು, ವರ್ಷದ ಮೇಲೆ ಎಕ್ಸ್‌ರೇ ತೆಗೆದು ನೋಡ್ತೀರಾ?

ಇರೋ ದುಡ್ಡಲ್ಲಿ ಲೇಸರ್ ಇಲ್ಲಾ ಕ್ಯಾಪ್, ಎರಡರಲ್ಲಿ ಒಂದೇ ಆಗೋದು ಅಂದ್ರೆ, ದವಡೆ ಹಲ್ಲಿಗೆ ಕ್ಯಾಪ್ ಅನ್ನಿ. ನಾಚಿಕೊಳ್ಳಬೇಡಿ. 'ಮಾಮೂಲಿ' ಅನ್ನೋದು ಬೈಗುಳ ಅಲ್ಲ. ಮಾಮೂಲಿ ಕೆಲಸಾನ ನೆಟ್ಟಗೆ ಮಾಡಿದ್ರೆ ಅವ್ವ ಇವತ್ತೂ ಶೇಂಗಾ ಕಡೀತಿದ್ಲು. ಈಗ ಒಂದೇ ಕಡೆ ಅಗೀತಾಳೆ. ಊಟಕ್ಕೆ ಕೂತಾಗಲೆಲ್ಲ ನಾನು ಆ ಕಡೆ ನೋಡಲ್ಲ.

ಸೇವ್ ಮಾಡ್ಕೊಳ್ಳಿ. ಮನೇಲಿ ಹಲ್ಲು ನೋವು ಅಂತಿರೋರಿಗೆ ಕಳಿಸಿ. 🙏

#ದಾವಣಗೆರೆ #ಹರಿಹರ #ಹಲ್ಲುನೋವು #ರೂಟ್‌ಕೆನಾಲ್ #ಮೊದಲುಕ್ಯಾಪ್