ಆರ್ಡರ್ ಪ್ರೋಗ್ರಾಂನದು, ಹೊಣೆ ವ್ಯಾಪಾರಿಯದು

ಬ್ಯಾಡಗಿಯ ಮೆಣಸಿನಕಾಯಿ ಮಾರುಕಟ್ಟೆ ಇ-ಟೆಂಡರ್ ಪದ್ಧತಿಗೆ ಒಗ್ಗಿಕೊಂಡು ವರ್ಷಗಳೇ ಸಂದಿವೆ. ಲಾಟಿನ ಸಂಖ್ಯೆ ಹಾಗೂ ದರವನ್ನು ಮತ್ತೊಮ್ಮೆ ಪರಿಶೀಲಿಸದೆ ಜಾಣ ಖರೀದಿದಾರನು ಗುಂಡಿ ಒತ್ತುವುದಿಲ್ಲ. ಹಾವೇರಿ, ರಾಣೆಬೆನ್ನೂರುಗಳ ವ್ಯಾಪಾರಿ ಮನೆತನಗಳ ಯುವಕರು ಷೇರು ವಹಿವಾಟನ್ನು ಕಂಪ್ಯೂಟರ್ ಪ್ರೋಗ್ರಾಂಗೆ ಒಪ್ಪಿಸುವ ಮುನ್ನ ಇದೇ ಎಚ್ಚರವನ್ನು ರೂಢಿಸಿಕೊಳ್ಳಬೇಕಾಗಿದೆ.

ಐಸಿಐಸಿಐ ಬ್ಯಾಂಕ್ ಸಮೂಹದ ಬ್ರೀಜ್, ಬೆಂಗಳೂರಿನ ಜೆರೋಧಾ ಸಂಸ್ಥೆಯ ಕೈಟ್ ಕನೆಕ್ಟ್ ಮುಂತಾದ ಎಪಿಐಗಳಿಗೆ ಸಿದ್ಧ ಕ್ಲೈಂಟ್ ಲೈಬ್ರರಿಗಳು ಲಭ್ಯವಿವೆ. ಪೈಥಾನ್ ಭಾಷೆಯ ಕೆಲವೇ ಸಾಲುಗಳಲ್ಲಿ ಆರ್ಡರ್ ಕಳುಹಿಸಬಹುದು. ಲೈಬ್ರರಿಯು ನಂಬಿಕಸ್ಥ ಗುಮಾಸ್ತನಂತೆ: ಅರ್ಜಿಯನ್ನು ಕ್ರಮಬದ್ಧವಾಗಿ ತುಂಬಿ, ಕೀಲಿಯನ್ನು ಲಗತ್ತಿಸಿ, ಉತ್ತರವನ್ನು ತಂದೊಪ್ಪಿಸುತ್ತದೆ. ಆದರೆ 100ರ ಬದಲು 1000 ಎಂದು ಬರೆದರೆ ಅದನ್ನೂ ಅಷ್ಟೇ ನಿಷ್ಠೆಯಿಂದ ಒಯ್ಯುತ್ತದೆ.

ಮರಳಿ ಬರುವ ಆರ್ಡರ್ ಸಂಖ್ಯೆಯು ಕೇವಲ ಸ್ವೀಕೃತಿ. ವ್ಯವಹಾರ ಕುದುರಿದ್ದಕ್ಕೆ ಪ್ರಮಾಣವಲ್ಲ. ಸಂಪರ್ಕ ಕಡಿದು ಉತ್ತರವೇ ಬಾರದಿದ್ದರೂ ಆರ್ಡರ್ ತಲುಪಿರಬಹುದು. ಆಗ ಆರ್ಡರ್ ಪುಸ್ತಕವನ್ನು ನೋಡದೆ ಮತ್ತೆ ಕಳುಹಿಸುವ ಪ್ರೋಗ್ರಾಂ ಒಂದೇ ಸರಕನ್ನು ಎರಡು ಬಾರಿ ಖರೀದಿಸೀತು. ಇನ್ನು ಗುಪ್ತ ಕೀಲಿಯೆಂದರೆ ಸಹಿ ಹಾಕಿದ ಖಾಲಿ ಚೆಕ್ಕೇ ಸರಿ. ಅದನ್ನು ಪ್ರೋಗ್ರಾಂನೊಳಗೇ ಬರೆದಿಟ್ಟು ಸ್ನೇಹಿತರಿಗೆ ಹಂಚುವುದು ವಿವೇಕವಲ್ಲ.

ಸೆಬಿಯು 2025ರ ಫೆಬ್ರವರಿ 4ರ ಸುತ್ತೋಲೆಯಲ್ಲಿ ಎಪಿಐ ಬಳಕೆಗೆ ಸ್ಥಿರ ಐಪಿ ವಿಳಾಸ, ಎರಡು ಹಂತದ ದೃಢೀಕರಣ ಮೊದಲಾದ ನಿಯಮಗಳನ್ನು ವಿಧಿಸಿತು. ಮನೆಯ ಬ್ರಾಡ್‌ಬ್ಯಾಂಡ್‌ನ ವಿಳಾಸ ಸಾಮಾನ್ಯವಾಗಿ ಬದಲಾಗುತ್ತಲೇ ಇರುವುದರಿಂದ ಸಣ್ಣ ಊರಿನ ಬಳಕೆದಾರನಿಗೆ ಇದು ಹೆಚ್ಚುವರಿ ಹೊರೆಯೆಂಬ ಆಕ್ಷೇಪ ಸಹಜ. ಆದರೂ ಕದ್ದ ಕೀಲಿ ಬೇರೆ ವಿಳಾಸದಿಂದ ಬಾಗಿಲು ತೆರೆಯದಂತೆ ತಡೆಯುವ ಈ ನಿಯಮ ಸ್ವಾಗತಾರ್ಹವೇ ಆಗಿದೆ.

ವೇಗವೇ ಲಾಭವೆಂಬ ಭ್ರಮೆಯೂ ತೊಲಗಬೇಕು. ಸೆಬಿಯು 2024ರ ಸೆಪ್ಟೆಂಬರ್‌ನಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, 2021-22ರಿಂದ 2023-24ರವರೆಗಿನ ಮೂರು ವರ್ಷಗಳಲ್ಲಿ ಷೇರು ಫ್ಯೂಚರ್ಸ್ ಮತ್ತು ಆಪ್ಷನ್ಸ್ ವಿಭಾಗದ ವೈಯಕ್ತಿಕ ವ್ಯವಹಾರಸ್ಥರಲ್ಲಿ ಶೇ. 93ರಷ್ಟು ಮಂದಿ ನಷ್ಟ ಅನುಭವಿಸಿದ್ದರು. ತಪ್ಪು ಎಣಿಕೆಯನ್ನು ಪ್ರೋಗ್ರಾಂ ತಿದ್ದುವುದಿಲ್ಲ, ಶೀಘ್ರವಾಗಿ ಪುನರಾವರ್ತಿಸುತ್ತದೆ.

ಆದುದರಿಂದ ಒಂದೇ ಷೇರಿನ ಆರ್ಡರಿನಿಂದ ಆರಂಭಿಸುವುದು, ದಿನದ ನಷ್ಟಕ್ಕೆ ಮಿತಿ ಹಾಕುವುದು, ಸಂಜೆ ಪ್ರೋಗ್ರಾಂನ ದಾಖಲೆಯನ್ನು ಕಾಂಟ್ರ್ಯಾಕ್ಟ್ ನೋಟಿನೊಂದಿಗೆ ತಾಳೆ ನೋಡುವುದು ಕಡ್ಡಾಯವಾಗಲಿ. ಹಾವೇರಿಯ ಸರ್ಕಾರಿ ಇಂಜಿನಿಯರಿಂಗ್ ಕಾಲೇಜಿನ ವಿದ್ಯಾರ್ಥಿಗಳನ್ನೂ ಪೇಟೆಯ ಅನುಭವಿ ಲೆಕ್ಕಿಗರನ್ನೂ ಒಂದೆಡೆ ಸೇರಿಸುವ ತರಬೇತಿಗೆ ಜಿಲ್ಲೆಯ ವಾಣಿಜ್ಯ ಸಂಸ್ಥೆಗಳು ಮುಂದಾಗಬೇಕು. ಪ್ರೋಗ್ರಾಂ ಬರೆಯಬಲ್ಲವನಿಗೆ ಪೇಟೆಯ ಲೆಕ್ಕವನ್ನೂ, ಲೆಕ್ಕ ಬಲ್ಲವನಿಗೆ ಪ್ರೋಗ್ರಾಂನ ಮಿತಿಯನ್ನೂ ತಿಳಿಸಿಕೊಟ್ಟರೆ ಮಾತ್ರ ಈ ಹೊಸ ಸಾಧನವು ಜಿಲ್ಲೆಯ ವ್ಯಾಪಾರಕ್ಕೆ ಒದಗೀತು.